ಬಿಟ್ಟುಕೊಟ್ಟ ಚೆಂಡು

ಲಿಯೋನ್, ೧೯೧೦ ಜೂನ್ ೨೪

ಪ್ರೀತಿಯ ಅಕ್ಕ,

ನೀನು ಮತ್ತೊಮ್ಮೆ ಫ್ರಾನ್ಸಿನ ಟೆನಿಸ್ ಚಾಂಪಿಯನ್ ಆದ ಸುದ್ದಿಯನ್ನು ಕಾಲೇಜಿನ ಊಟದ ಮನೆಯಲ್ಲಿ ಓದಿದೆ. ನಮ್ಮಲ್ಲಿ ಊಟದ ವೇಳೆ ಪತ್ರಿಕೆ ಬಿಡಿಸುವಂತಿಲ್ಲ. ಆದರೂ ಮೇಲ್ವಿಚಾರಕಿಯೇ ಅದನ್ನು ಮಡಿಚಿ ತಂದು ನನ್ನ ಸೂಪಿನ ಬಟ್ಟಲ ಪಕ್ಕದಲ್ಲಿಟ್ಟು, "ನಿಮ್ಮ ಅಕ್ಕನ ಫೋಟೋ ಇದೆ, ಮದ್ಮೊಸೆಲ್ ದೋಬ್ರೇ. ಟೋಪಿ ಸ್ವಲ್ಪ ವಾಲಿದೆ," ಎಂದರು. ತರಗತಿಗೆ ಮೊದಲಿಗಳಾದಾಗಲೂ ಆ ಹೆಂಗಸು ನನ್ನೊಂದಿಗೆ ಇಷ್ಟು ಮಾತಾಡಿರಲಿಲ್ಲ.

ಗೆಲುವು ನನಗೆ ಅಚ್ಚರಿಯ ಸಂಗತಿಯಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ವರದಿಯ ಕೊನೆಯ ಭಾಗ. ಬ್ಲಾಂಶ್ ತೆಸಿಯೇರ್ ಹೊಡೆದ ಚೆಂಡು ಗೆರೆಯೊಳಗೇ ಬಿದ್ದಿದ್ದರೂ ಅಂಪೈರ್ ಅದನ್ನು ಹೊರಗೆಂದು ಕೂಗಿ ಅಂಕವನ್ನು ನಿನಗೆ ಕೊಟ್ಟನಂತೆ. ಮರುಗಳಿಗೆಯಲ್ಲಿ ನಿನ್ನ ಎಡಕ್ಕೆ ತೇಲಿಬಂದ, ಮಗುವೂ ಹೊಡೆಯಬಹುದಾಗಿದ್ದ ಚೆಂಡನ್ನು ನೀನು ಬೇಕೆಂದೇ ಬಿಟ್ಟುಬಿಟ್ಟೆಯಂತೆ. ಜನ ಎದ್ದು ನಿಂತರಂತೆ. ಅಪ್ಪ ನಾರ್ಮಂಡಿಯ ಮನೆಯ ಹಿಂದೆ ಎರಡು ಸೇಬಿನ ಮರಗಳಿಗೆ ಬಲೆ ಕಟ್ಟಿ ನಮಗೆ ಆಟ ಕಲಿಸಿದಾಗ ಹೇಳುತ್ತಿದ್ದುದು ನೆನಪಿದೆಯೇ? "ನಿಂದಲ್ಲದ ಅಂಕ ಬಂತೋ, ಮುಂದಿನ ಚೆಂಡಲ್ಲಿ ವಾಪಸ್ ಕೊಟ್ಟುಬಿಡು. ಬಾಯಿಬಿಟ್ಟು ಹೇಳ್ಕೋಬೇಡ." ಇಂದಿನ ಆಟಗಾರರಲ್ಲಿ ಎಷ್ಟು ಮಂದಿ ಈ ಪದ್ಧತಿಯನ್ನು ಉಳಿಸಿಕೊಂಡಿದ್ದಾರೆ? ನಾನು ಇದನ್ನು ಕಾಲೇಜಿನ ಪತ್ರಿಕೆಗೆ ಪ್ರಬಂಧವಾಗಿ ಬರೆಯುತ್ತಿದ್ದೇನೆ. ಶೀರ್ಷಿಕೆ 'ಬಿಟ್ಟುಕೊಟ್ಟ ಚೆಂಡು'.

ನಿನ್ನ ಹೆಮ್ಮೆಯ ತಂಗಿ,
ಎರ್ಮಾನ್ಸ್


ನಯ್ಯಿ, ೧೯೧೦ ಜುಲೈ ೩

ಪ್ರೀತಿಯ ಎರ್ಮಾನ್ಸ್,

ಟೋಪಿ ವಾಲಿದ್ದು ನಿಜ. ಲಿಯೊಕಾಡಿ ಅತ್ತೆ ಸಿಕ್ಕಿಸಿದ ಪಿನ್ನು ಎರಡನೆಯ ಸೆಟ್ಟಿನಲ್ಲೇ ಜಾರಿತ್ತು. ಅತ್ತೆ ಈಗಲೂ ಆ ಪಿನ್ನನ್ನು ಹುಡುಕುತ್ತಿದ್ದಾರೆ.

ಪ್ರಬಂಧ ಬರೆಯಬೇಡ. ಆ ಚೆಂಡನ್ನು ನಾನು ಬಿಟ್ಟುಕೊಟ್ಟದ್ದಲ್ಲ, ಅದು ನನ್ನ ಕೈತಪ್ಪಿದ್ದು. ಬರುವುದು ಕಂಡಿತ್ತು, ನಡುವೆ ಇಲ್ಲವಾಯಿತು, ಮತ್ತೆ ಕಂಡಾಗ ನನ್ನ ಹಿಂದೆ ಉರುಳುತ್ತಿತ್ತು. ಚಪ್ಪಾಳೆ ಏಕೆಂದು ನನಗೆ ಕೊಂಚ ಹೊತ್ತು ತಿಳಿಯಲೇ ಇಲ್ಲ. ಆಟ ಮುಗಿದ ಮೇಲೆ ಬ್ಲಾಂಶ್ ಬಲೆಯ ಬಳಿ ಕೈಹಿಡಿದು, "ಈ ಉಪಕಾರ ನಾನು ಮರೆಯಲ್ಲ," ಎಂದಳು. ಅವಳ ದನಿಯಲ್ಲಿ ಉಪಕಾರ ಪಡೆದವರ ಸಂತೋಷವಿರಲಿಲ್ಲ. ತಿದ್ದಿ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕ್ಲಬ್ಬಿನ ಕಾರ್ಯದರ್ಶಿ ಗಾಲಾರ್ ಹೂಗುಚ್ಛ ಹಿಡಿದು ಬಂದು ನಡುವೆ ನಿಂತ.

ಎಡಗಣ್ಣಿನ ಮುಂದೆ ಆಗಾಗ ಮಸಿಯ ಚೂರುಗಳು ಹಾರಾಡುತ್ತವೆ, ರೈಲಿನ ಕಿಟಕಿಯಲ್ಲಿ ಕುಳಿತಾಗ ಆಗುವಂತೆ. ಸೆಖೆಯಿಂದಿರಬೇಕು. ಅತ್ತೆ ಲಿಂಡನ್ ಹೂವಿನ ಕಷಾಯ ಕುಡಿಸುತ್ತಿದ್ದಾರೆ. ಅವರಿಗೆ ಅದು ಕಣ್ಣಿಗೂ ಮದ್ದು, ಕಾಲು ಉಳುಕಿಗೂ ಮದ್ದು.

ಮಾರ್ಸೆಲೀನ್


ಲಿಯೋನ್, ೧೯೧೦ ನವೆಂಬರ್ ೧೨

ಪ್ರೀತಿಯ ಅಕ್ಕ,

ನನ್ನ ಮೇಲೆ ಕೋಪಿಸಿಕೊಳ್ಳಬೇಡ. ಪ್ರಬಂಧ ಅಚ್ಚಾಯಿತು. ಅಷ್ಟೇ ಅಲ್ಲ, ಪ್ಯಾರಿಸಿನ ಕ್ರೀಡಾ ಪತ್ರಿಕೆಯೊಂದು ಅದನ್ನು ಪೂರ್ತಿಯಾಗಿ ಮರುಮುದ್ರಿಸಿದೆ. ಪ್ರತಿಯನ್ನು ಅತ್ತೆಗೆ ಕಳಿಸಿದ್ದೇನೆ.

ಚೆಂಡು ಕೈತಪ್ಪಿತೆಂಬ ನಿನ್ನ ಮಾತನ್ನು ಓದಿ ನಕ್ಕೆ. ಕೊಟ್ಟವನು ಕೊಟ್ಟೆನೆಂದು ಹೇಳಬಾರದೆಂಬ ಅಪ್ಪನ ನಿಯಮವನ್ನು ನೀನು ತಂಗಿಯ ಎದುರಿಗೂ ಪಾಲಿಸುತ್ತಿರುವೆ. ಪ್ರಬಂಧದ ಮುಕ್ತಾಯವನ್ನು ಆ ವಿನಯದ ಮೇಲೆಯೇ ಕಟ್ಟಿದ್ದೇನೆ: "ಚೆಂಡು ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಕಂಡೂ ಅವಳು ಅದನ್ನು ಹೋಗಗೊಟ್ಟಳು. ಗೆಲುವಿಗಿಂತ ದೊಡ್ಡದೊಂದು ಆ ಗಳಿಗೆಯಲ್ಲಿ ಅವಳ ಕಣ್ಣ ಮುಂದಿತ್ತು." ಭಾಷಾಶಾಸ್ತ್ರದ ಪ್ರಾಧ್ಯಾಪಕಿ ಈ ವಾಕ್ಯಗಳ ತೂಕವನ್ನು ತರಗತಿಯಲ್ಲಿ ವಿವರಿಸಿ ಹೇಳಿದರು.

ಮಸಿಯ ಚೂರುಗಳು ಹೋದವೇ? ನೀನು ಮತ್ತೆ ಬರೆಯಲಿಲ್ಲವಾದ್ದರಿಂದ ಹೋಗಿವೆಯೆಂದುಕೊಂಡಿದ್ದೇನೆ.

ಎರ್ಮಾನ್ಸ್


ನಯ್ಯಿ, ೧೯೧೧ ಫೆಬ್ರವರಿ ೯

ಪ್ರೀತಿಯ ಎರ್ಮಾನ್ಸ್,

ಒಂದು ವಿಷಯದಲ್ಲಿ ನಿನ್ನ ಸಲಹೆ ಬೇಕು. ನಮ್ಮಿಬ್ಬರಲ್ಲಿ ಓದಿದವಳು ನೀನು.

ಕಳೆದ ವಾರ ಕಣ್ಣಿನ ವೈದ್ಯ ವೊಕ್ಲೇರರಲ್ಲಿಗೆ ಹೋಗಿದ್ದೆ. ಮಸಿಯ ಚೂರುಗಳ ಜೊತೆಗೆ ಈಗ ಎಡಗಣ್ಣಿನ ಮೂಲೆಯಲ್ಲೊಂದು ಪರದೆ ಇಳಿದಿದೆ, ಅರ್ಧ ಎಳೆದ ಕಿಟಕಿಯ ಪರದೆಯಂತೆ. ಆ ಮನುಷ್ಯ ದೀಪ ಹಿಡಿದು ಬಹಳ ಹೊತ್ತು ನೋಡಿ, ಬೇಸಿಗೆ ಬರುವವರೆಗೂ ಅಂಗಾತ ಮಲಗಿರಬೇಕು, ಓಡಬಾರದು, ಬಾಗಬಾರದು, ರಾಕೆಟ್ಟನ್ನಂತೂ ಮುಟ್ಟಲೇಬಾರದು ಎಂದ. ಏನಾಗಿದೆಯೆಂದು ಕೇಳಿದರೆ ಅವನು ನನ್ನನ್ನು ಬಿಟ್ಟು ಅತ್ತೆಯ ಕಡೆ ತಿರುಗಿದ. "ಮನೇಲಿ ಗಂಡಸರು ಯಾರೂ ಇಲ್ವಾ? ಕರ್ಕೊಂಡ್ಬನ್ನಿ, ಅವರಿಗೆ ಬಿಡಿಸಿ ಹೇಳ್ತೀನಿ."

ಅತ್ತೆ ಹೇಳಿದರು, "ನನ್ನ ತಮ್ಮ, ಇವಳಪ್ಪ, ತೀರ್ಕೊಂಡು ಆರು ವರ್ಷ ಆಯ್ತು, ಡಾಕ್ಟ್ರೇ. ಅವನನ್ನ ಎಲ್ಲಿಂದ ಕರೆಸಲಿ?"

ಅವನು ಕೈ ತೊಳೆಯಲು ಹೋದ. "ಆಟ ಆಡೋ ಹೆಂಗಸರಿಗೆ ಹೇಳೋದೂ ಒಂದೇ, ಬಿಡೋದೂ ಒಂದೇ," ಎಂದು ಗೊಣಗಿದ್ದು ನೀರಿನ ಸದ್ದಿನಲ್ಲೂ ಕೇಳಿಸಿತು.

ನನಗೆ ತೋಚದಿರುವುದು ಇದೇ. ಹದಿನೈದು ತುಂಬಿದಾಗಿನಿಂದ ಎಲ್ಲ ವೈದ್ಯರೂ ನನಗೆ ಮಲಗು ಎಂದೇ ಹೇಳಿದ್ದಾರೆ. ಬೆನ್ನು ನೋವೆಂದರೆ ಮಲಗು, ಕೆಮ್ಮೆಂದರೆ ಮಲಗು, ಓಡಿದರೆ ಮಕ್ಕಳಾಗುವುದಿಲ್ಲ, ಮಲಗು. ಅವರ ಮಾತು ಕೇಳಿದ್ದರೆ ನಾನು ಒಂದು ಪಂದ್ಯವನ್ನೂ ಆಡುತ್ತಿರಲಿಲ್ಲ. ಈ ಮಲಗು ಆ ಮಲಗಿಗಿಂತ ಬೇರೆಯೇ? ನನಗೆ ತಿಳಿಯುತ್ತಿಲ್ಲ.

ಮಲಗಿದರೆ ಪಟ್ಟ ಬಿಟ್ಟಂತೆ. ಏಪ್ರಿಲ್ ಕೊನೆಯೊಳಗೆ ಗಾಲಾರನಿಗೆ ಬರೆದು ತಿಳಿಸಬೇಕು. ಇನ್ನೊಂದು ಕಡೆ, ಪಟ್ಟದಲ್ಲಿರುವವಳು ಉಳಿದವರಂತೆ ಸುತ್ತು ಸುತ್ತಾಗಿ ಆಡಬೇಕಿಲ್ಲವೆಂಬುದು ನಿನಗೆ ಗೊತ್ತು. ಅವರೆಲ್ಲ ಆಡಿ ಗೆದ್ದು ಬಂದವಳನ್ನು ಕೊನೆಯಲ್ಲಿ ಒಮ್ಮೆ ಎದುರಿಸಿದರಾಯಿತು. ಒಂದೇ ಪಂದ್ಯ. ಆದರೆ ಎರ್ಮಾನ್ಸ್, ನನಗೆ ಮಲಗಬೇಕೆನಿಸುತ್ತಿದೆ. ಹಿಂದೆಂದೂ ಹೀಗೆನಿಸಿರಲಿಲ್ಲ.

ನೀನು ಹೇಳಿದಂತೆ ಮಾಡುತ್ತೇನೆ.

ಮಾರ್ಸೆಲೀನ್


ಲಿಯೋನ್, ೧೯೧೧ ಫೆಬ್ರವರಿ ೧೪

ಪ್ರೀತಿಯ ಅಕ್ಕ,

ನಿನ್ನ ಪತ್ರವನ್ನು ಗೆಳತಿಯರಿಗೂ ಓದಿ ಹೇಳಿದೆ, ಕ್ಷಮಿಸು. 'ಮನೇಲಿ ಗಂಡಸರು ಯಾರೂ ಇಲ್ವಾ' ಎಂಬ ಮಾತು ಈಗ ನಮ್ಮ ಮಹಡಿಯ ಗಾದೆಯಾಗಿದೆ. ಮಸಿಕುಡಿಕೆಯ ಮುಚ್ಚಳ ಬಿಗಿಯಾದರೂ ಯಾರಾದರೊಬ್ಬರು ಅದನ್ನೇ ಕೂಗುತ್ತಾರೆ.

ನೀನು ಕೇಳಿದ್ದಕ್ಕೆ ನೇರವಾಗಿ ಉತ್ತರಿಸುತ್ತೇನೆ. ಅದೂ ಇದೂ ಒಂದೇ. ಹೆಣ್ಣು ನಿಂತರೆ ಸಹಿಸದ ಶಾಸ್ತ್ರಕ್ಕೆ ಮಲಗು ಎಂಬುದೊಂದೇ ಮಂತ್ರ. ನಾನು ಕಾಲೇಜು ಸೇರಿದಾಗ ಇಲ್ಲಿನ ವೈದ್ಯನೂ ಗಣಿತದಿಂದ ನನ್ನ ರಕ್ತ ತೆಳುವಾಗುತ್ತದೆಂದು ಷರಾ ಬರೆದಿದ್ದ. ಆ ವರ್ಷ ಗಣಿತದಲ್ಲಿ ನಾನೇ ಮೊದಲಿಗಳು, ರಕ್ತ ಹಾಗೆಯೇ ಇದೆ. ಕಾಯಿಲೆಯ ಹೆಸರನ್ನು ರೋಗಿಗೆ ಹೇಳದ ವೈದ್ಯನಿಗೆ ಆ ಹೆಸರು ತಿಳಿದಿದೆಯೆಂದು ನಾವೇಕೆ ನಂಬಬೇಕು?

ನೀನು ಆಡಿ ಸೋತರೆ ಅದು ಸೋಲು, ಅದರಲ್ಲಿ ಅವಮಾನವಿಲ್ಲ. ಆಡದೆ ಮಲಗಿದರೆ ಗೆದ್ದವರು ಅವರು. 'ಬಿಟ್ಟುಕೊಟ್ಟ ಚೆಂಡು' ಓದಿ ಎಷ್ಟು ಹುಡುಗಿಯರು ನನಗೆ ಬರೆಯುತ್ತಿದ್ದಾರೆಂಬುದನ್ನು ನೀನರಿಯೆ. ತೆಸಿಯೇರಳ ಸರ್ವ್ ಈಗ ಗಂಡಸರಷ್ಟು ಬಿರುಸೆಂದು ಪತ್ರಿಕೆಗಳು ಬರೆಯುತ್ತಿವೆ. ನಿನ್ನ ಆಯಾಸದಲ್ಲಿ ಅದರ ಪಾಲೆಷ್ಟೆಂದು ಒಮ್ಮೆ ನಿನ್ನನ್ನೇ ಕೇಳಿಕೋ. ಒಂದೇ ಪಂದ್ಯ, ಅಕ್ಕ. ಮಲಗುವುದಕ್ಕೆ ಇಡೀ ಬೇಸಿಗೆಯಿದೆ.

ಎರ್ಮಾನ್ಸ್


ನಯ್ಯಿ, ೧೯೧೧ ಏಪ್ರಿಲ್ ೨೭

ಪ್ರೀತಿಯ ಎರ್ಮಾನ್ಸ್,

ಆಡುತ್ತೇನೆಂದು ಗಾಲಾರನಿಗೆ ಬರೆದೆ. ಪಟ್ಟದಲ್ಲಿರುವವಳು ಯಾರಿಗೂ ಏನನ್ನೂ ತೋರಿಸಬೇಕಿಲ್ಲದ್ದರಿಂದ ಕ್ಲಬ್ಬಿಗೆ ಹೋಗುವುದನ್ನೇ ಬಿಟ್ಟು, ಅತ್ತೆಯ ತೋಟದ ಗೋಡೆಗೆ ಚೆಂಡು ಹೊಡೆದು ಅಭ್ಯಾಸ ಮಾಡುತ್ತಿದ್ದೇನೆ. ಸದ್ದಿನ ಜಾಡಿನಲ್ಲಿ ಎಡಕ್ಕೆ ಓಡುವುದನ್ನು ಕಲಿಯುತ್ತಿದ್ದೇನೆ. ಕೆಲವೊಮ್ಮೆ ಕೂಡಿ ಬರುತ್ತದೆ. ಅತ್ತೆಯ ಗುಲಾಬಿಗಳು ಮಾತ್ರ ಬಹಳ ನಷ್ಟ ಅನುಭವಿಸಿವೆ.

ನಿನ್ನ ಪರೀಕ್ಷೆಯೂ ಪಂದ್ಯದ ವಾರವೇ ಅಲ್ಲವೇ? ಚೆನ್ನಾಗಿ ನಿದ್ದೆ ಮಾಡು.

ಮಾರ್ಸೆಲೀನ್


ಲಿಯೋನ್, ೧೯೧೧ ಜೂನ್ ೧೯

ಪ್ರೀತಿಯ ಅಕ್ಕ,

ಇಂದು ಬೆಳಿಗ್ಗೆ ಕೊನೆಯ ಪ್ರಶ್ನೆಪತ್ರಿಕೆ ಮುಗಿಸಿ ಹೊರಬಂದಾಗ ಮೆಟ್ಟಿಲ ಮೇಲೆ ಗೆಳತಿಯರು ಪತ್ರಿಕೆ ಹಿಡಿದು ಕಾಯುತ್ತಿದ್ದರು. ನೀನು ಗೆದ್ದೆ! ಎಂಥ ಗೆಲುವು! 'ಇಬ್ಬರು ಉದಾತ್ತ ಮಹಿಳೆಯರು' ಎಂಬುದು ಶೀರ್ಷಿಕೆ. ಮೂರನೆಯ ಸೆಟ್ಟಿನಲ್ಲಿ ನೀನು ಚೆಂಡುಗಳನ್ನು ಉದಾರವಾಗಿ ಬಿಟ್ಟುಕೊಡುತ್ತಾ ಹೋದೆಯಂತೆ, ತೆಸಿಯೇರ್ ನಿನಗೆ ಸರಿಸಮನಾಗಿ ಹಿಂದಿರುಗಿಸಿದಳಂತೆ, ಹೆಂಗಸರು ಕರವಸ್ತ್ರ ತೆಗೆದು ಅತ್ತರಂತೆ. ವರದಿಗಾರ ನನ್ನ ಪ್ರಬಂಧದ ಒಂದು ಸಾಲನ್ನೂ ಉಲ್ಲೇಖಿಸಿದ್ದಾನೆ.

ಕ್ರೀಡೆಯ ಚರಿತ್ರೆಯಲ್ಲಿ ಇಂಥದೊಂದು ಪಂದ್ಯ ನಡೆದಿರಲಾರದು. ಈಗ ಹೇಳು, ನಾನು ಹೇಳಿದ್ದೇ ಸರಿಯಲ್ಲವೇ?

ಎರ್ಮಾನ್ಸ್


ನಯ್ಯಿ, ೧೯೧೧ ಜೂನ್ ೨೧

ಎರ್ಮಾನ್ಸ್,

ನಿನ್ನ ಪತ್ರ ಈಗ ತಾನೇ ಬಂತು. ಪತ್ರಿಕೆಗಳು ಏನನ್ನು ಬರೆದಿವೆಯೋ ಅದು ನಡೆಯಲಿಲ್ಲ. ನಡೆದದ್ದನ್ನು ಬರೆಯುತ್ತೇನೆ. ಸಾಲುಗಳು ಸೊಟ್ಟಗಿದ್ದರೆ ಕ್ಷಮಿಸು; ಹಾಳೆಯ ಎಡಬದಿ ನನಗೆ ಕಾಣುತ್ತಿಲ್ಲ.

ಮೊದಲ ಸೆಟ್ಟನ್ನು ಹೇಗೋ ಗೆದ್ದೆ. ಎರಡನೆಯದರಲ್ಲಿ ಪರದೆ ಪೂರ್ತಿ ಇಳಿಯಿತು. ಬ್ಲಾಂಶ್ ಬೇಗನೆ ಗಮನಿಸಿದಳು, ಎಡಕ್ಕೆ ಹೊಡೆದದ್ದಕ್ಕೆಲ್ಲ ಉತ್ತರವಿಲ್ಲವೆಂದು. ಮೊದಲ ಚೆಂಡು ಹೋದಾಗ ಜನ ಸುಮ್ಮನಿದ್ದರು. ಎರಡನೆಯದು ಹೋದಾಗ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ನನ್ನ ಪ್ರತಿಯೊಂದು ತಪ್ಪಿಗೂ ಚಪ್ಪಾಳೆ. ಅವರೆಲ್ಲ ನಿನ್ನ ಪ್ರಬಂಧವನ್ನು ಓದಿದ್ದರು, ಎರ್ಮಾನ್ಸ್. ನಾನು ಕಾಲು ಎಡವಿ ಬಿದ್ದಾಗಲೂ ಒಬ್ಬ ಮುದುಕ, "ಶಹಬ್ಬಾಸ್, ಮದ್ಮೊಸೆಲ್!" ಎಂದ.

ನಾನು ಸೋಲುತ್ತಿದ್ದೆ. ಅದು ನನಗೆ ಎಷ್ಟು ಹಿತವಾಗಿತ್ತೆಂದು ಹೇಳಲಾರೆ. ಇನ್ನು ಸ್ವಲ್ಪ ಹೊತ್ತು, ಆಮೇಲೆ ಪಟ್ಟ ಅವಳದು, ನಾನು ಮನೆಗೆ ಹೋಗಿ ಮಲಗಬಹುದು ಎಂದುಕೊಳ್ಳುತ್ತಿದ್ದೆ.

ಮೂರನೆಯ ಸೆಟ್ಟಿನಲ್ಲಿ ಬದಿ ಬದಲಾಯಿಸುವಾಗ ಬ್ಲಾಂಶ್ ದಾರಿಗೆ ಅಡ್ಡ ನಿಂತಳು. ಬಲಗಣ್ಣಿಗೆ ಅವಳ ಮುಖ ಸ್ಪಷ್ಟವಾಗಿ ಕಂಡಿತು, ಸಿಟ್ಟಿನಿಂದ ತುಟಿ ಬೆಳ್ಳಗಾಗಿತ್ತು.

"ಹೋದ ವರ್ಷ ಒಂದು ಚೆಂಡು ಬಿಟ್ರಿ, ವರ್ಷಪೂರ್ತಿ ಆ ಮಾತು ಕೇಳಿ ಕೇಳಿ ನಂಗೆ ಸಾಕಾಗಿದೆ. ಈಗ ಇಡೀ ಆಟನೇ ದಾನ ಮಾಡ್ತೀರಾ?"

"ದಾನ ಅಲ್ಲ, ಬ್ಲಾಂಶ್. ನಂಗೆ ಕಣ್ಣು ಕಾಣ್ತಿಲ್ಲ."

"ಹೋದ ವರ್ಷಾನೂ ಕಾಣ್ಲಿಲ್ವೋ?"

"ಹೂಂ. ಕಾಣ್ಲಿಲ್ಲ."

ಅವಳು ನಕ್ಕಳು. "ನಿಮ್ಮ ತಂಗಿ ಬರೆದಿದ್ದಾರಲ್ಲ, ನೀವು ಒಪ್ಕೊಳ್ಳಲ್ಲ ಅಂತ. ಎಷ್ಟು ಸರಿಯಾಗಿ ಬರೆದಿದ್ದಾರೆ."

ಅಲ್ಲಿಂದ ಅವಳು ತನ್ನ ಸರ್ವ್‌ಗಳನ್ನು ಬೇಕೆಂದೇ ಬಲೆಗೆ ಹೊಡೆಯತೊಡಗಿದಳು. ನನಗೆ ಕಾಣದೆ ಹೋದ ಒಂದೊಂದು ಚೆಂಡಿಗೂ ಅವಳ ಎರಡು ಚೆಂಡು ಹೊರಗೆ. ಅಂಪೈರ್ ಕುರ್ಚಿಯ ಬಳಿ ಹೋಗಿ ಆಟ ನಿಲ್ಲಿಸಿ ಎಂದು ಬೇಡಿಕೊಂಡೆ. ಅವನು ಟೋಪಿ ತೆಗೆದು ತಲೆಬಾಗಿ, "ನಿಮ್ಮಂಥವರು ಹೀಗೇ ಹೇಳ್ತೀರಿ ಅಂತ ಗೊತ್ತಿತ್ತು, ಮದ್ಮೊಸೆಲ್," ಎಂದ. ಕೊನೆಯಲ್ಲಿ ನನ್ನ ಕೈಗೆ ಬೆಳ್ಳಿಯ ಬಟ್ಟಲು ಕೊಟ್ಟರು. ಬ್ಲಾಂಶ್ ಕೈಕುಲುಕದೆ ಹೊರಟುಹೋದಳು. ನನ್ನ ಸೋಲನ್ನೂ ನನಗೆ ಬಿಡಲಿಲ್ಲ.

ನಿನ್ನೆ ವೊಕ್ಲೇರರಲ್ಲಿಗೆ ಹೋದೆವು. ಈ ಸಲ ಅತ್ತೆ ಪಕ್ಕದ ಮನೆಯ ಔಷಧಿ ಅಂಗಡಿಯವನನ್ನು ಗಂಡಸೆಂದು ಕರೆತಂದಿದ್ದರು. ವೈದ್ಯ ಅವನಿಗೆ ವಿವರಿಸಿದ, ನಾನು ಪಕ್ಕದಲ್ಲಿ ಕುಳಿತು ಕೇಳಿಸಿಕೊಂಡೆ. ಹಸಿ ಗೋಡೆಯಿಂದ ಬಣ್ಣದ ಕಾಗದ ಬಿಟ್ಟುಕೊಳ್ಳುವಂತೆ ಕಣ್ಣಿನೊಳಗಿನ ಪದರ ಕಳಚಿಕೊಂಡಿದೆ. ಚಳಿಗಾಲದಲ್ಲಿ ಒಂದು ಅಂಚು ಮಾತ್ರ ಬಿಟ್ಟಿತ್ತು. ಅಲುಗಾಡದೆ ಮಲಗಿದ್ದರೆ ಕೆಲವರಲ್ಲಿ ಅದು ನಿಲ್ಲುವುದುಂಟು. ಎಡಗಣ್ಣು ಹೋಯಿತು. ಬಲಗಣ್ಣಿನಲ್ಲೂ ಅಂಚು ಸಡಿಲವಾಗಿದೆ.

ಇನ್ನೊಂದು ಮಾತು. ನೀನು ಹೇಳಿದಂತೆ ಮಾಡುತ್ತೇನೆಂದು ಬರೆದವಳು ನಾನೇ. ಅದನ್ನು ಮರೆತಿಲ್ಲ.

ಮಾರ್ಸೆಲೀನ್


ಲಿಯೋನ್, ೧೯೧೧ ಆಗಸ್ಟ್ ೨

ಪ್ರೀತಿಯ ಅಕ್ಕ,

ಇಷ್ಟು ದಿನ ಬರೆಯದಿದ್ದುದಕ್ಕೆ ಕಾರಣಗಳಿವೆ, ಅವನ್ನು ಇಲ್ಲಿ ಹೇಳುವುದಿಲ್ಲ. ಹಲವು ಪತ್ರಗಳನ್ನು ಆರಂಭಿಸಿದೆ. ವಾಕ್ಯ ರಚನೆಯಲ್ಲಿ ನನಗೆ ಎಂದೂ ತೊಂದರೆಯಾದದ್ದಿಲ್ಲ, ನಿನಗೇ ಗೊತ್ತು.

ಫಲಿತಾಂಶ ಬಂದಿದೆ. ನಾನೇ ಮೊದಲಿಗಳು. ಅಕ್ಟೋಬರಿನಿಂದ ಗೆರೆ ಪಟ್ಟಣದ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿ.

ಇಲ್ಲಿನ ಗ್ರಂಥಾಲಯದಲ್ಲಿ ನೇತ್ರಶಾಸ್ತ್ರದ ಪುಸ್ತಕಗಳಿವೆ. ಮೊದಲಿನಿಂದಲೂ ಇದ್ದವು. ಅವುಗಳಲ್ಲಿ ವೊಕ್ಲೇರರು ಹೇಳಿದ್ದೇ ಇದೆ, ಬಹುತೇಕ ಅದೇ ಪದಗಳಲ್ಲಿ. ಈಗ ನೀನು ಅಂಗಾತ ಮಲಗಿದ್ದೀಯೆಂದು ಅತ್ತೆ ಬರೆದಿದ್ದಾರೆ. ತಲೆಯ ಎರಡೂ ಬದಿಗೆ ಮರಳಿನ ಚೀಲಗಳನ್ನಿಡಬೇಕೆಂದು ಪುಸ್ತಕ ಹೇಳುತ್ತದೆ. ಇಟ್ಟಿದ್ದಾರೆಯೇ?

ಬರಲೇ? ಒಂದು ಸಾಲು ಬರೆದರೆ ಸಾಕು, ಹೊರಡುತ್ತೇನೆ.

ಎರ್ಮಾನ್ಸ್


ನಯ್ಯಿ, ೧೯೧೧ ಅಕ್ಟೋಬರ್ ೧೫

ಪ್ರೀತಿಯ ಎರ್ಮಾನ್ಸ್,

ಇದು ಅತ್ತೆಯ ಕೈಬರಹ, ಮಾತು ನನ್ನದು. ಬಲಗಣ್ಣು ಸೆಪ್ಟೆಂಬರಿನಲ್ಲಿ ಹೋಯಿತು. ಮರಳಿನ ಚೀಲಗಳನ್ನು ಇಟ್ಟಿದ್ದರು.

ನೀನು ಬರುವುದು ಬೇಡ. ಹೊಸ ಶಾಲೆ, ರಜೆ ಕೇಳಬಾರದು. ಇನ್ನು ಮುಂದೆ ನಿನ್ನ ಪತ್ರಗಳನ್ನು ಅತ್ತೆ ನನಗೆ ಗಟ್ಟಿಯಾಗಿ ಓದಿ ಹೇಳುತ್ತಾರೆ. ಹಳೆಯ ಪತ್ರಗಳನ್ನು ಒಲೆಗೆ ಹಾಕಿಸಿದೆ, ಅವರು ಓದಿಲ್ಲ. ಅವರಿಗೆ ನಿನ್ನ ಮೇಲೆ ಬಹಳ ಅಭಿಮಾನ. ಅದನ್ನು ನೆನಪಿಟ್ಟುಕೊಂಡು ಬರೆ.

ಮಾರ್ಸೆಲೀನ್

(ಇದು ನನ್ನ ಮಾತು, ಮಗಳೇ. ಇವಳು ಹೀಗೆ ಒಣಒಣವಾಗಿ ಹೇಳಿಸುತ್ತಾಳೆ, ಬೇಜಾರು ಮಾಡ್ಕೋಬೇಡ. ನಿನ್ನ 'ಬಿಟ್ಟುಕೊಟ್ಟ ಚೆಂಡು' ಗಾಜು ಹಾಕಿಸಿ ಬೆಳ್ಳಿ ಬಟ್ಟಲಿನ ಮೇಲೆ ತೂಗುಹಾಕಿದ್ದೇನೆ. ಗುರುವಾರ ಯಾರಾದರೂ ನೋಡಲು ಬಂದರೆ ಅದನ್ನೇ ಓದುತ್ತೇನೆ. ಪಾಪ, ಇವಳು ಒಂದು ಮಾತೂ ಆಡದೆ ಕೊನೆಯವರೆಗೂ ಕೇಳುತ್ತಾಳೆ. ಈಗ ಇವಳಿಗೆ ಇರುವ ಸುಖ ಅದೊಂದೇ. ನಿನ್ನ ಲಿಯೊಕಾಡಿ ಅತ್ತೆ.)


ಗೆರೆ, ೧೯೧೧ ನವೆಂಬರ್ ೨೬

ಪ್ರೀತಿಯ ಅಕ್ಕ, ಪ್ರೀತಿಯ ಅತ್ತೆ,

ಇಲ್ಲಿ ಚಳಿ ಬೇಗ ಬಂದಿದೆ. ಶಾಲೆಯ ಒಲೆ ಹೊಗೆ ಕಾರುವುದೇ ಹೆಚ್ಚು. ನನ್ನ ಕೋಣೆಯಿಂದ ಅಂಗಳ ಕಾಣುತ್ತದೆ, ಅದರಾಚೆ ಚೆಸ್ಟ್‌ನಟ್ ಮರಗಳ ಸಾಲು. ಮಕ್ಕಳು ಕಾಯಿಗಳನ್ನು ಜೇಬಿನಲ್ಲಿ ತುಂಬಿಕೊಂಡು ಬಂದು ಒಲೆಯ ಬೂದಿಯಲ್ಲಿ ಸುಡುತ್ತಾರೆ. ನಾನು ನೋಡದವಳಂತೆ ಇರುತ್ತೇನೆ.

ಮುಖ್ಯೋಪಾಧ್ಯಾಯಿನಿ ನನ್ನ ಗೌರವಾರ್ಥವಾಗಿ ಒಂದು ಏರ್ಪಾಟು ಮಾಡಿದ್ದರು. ಶುಕ್ರವಾರದ ಉಕ್ತಲೇಖನಕ್ಕೆ 'ಬಿಟ್ಟುಕೊಟ್ಟ ಚೆಂಡು'. ಓದಿ ಹೇಳುವವಳು ನಾನೇ. ಅವರು ತರಗತಿಯ ಹಿಂಭಾಗದಲ್ಲಿ ಅಚ್ಚಾದ ಪ್ರತಿ ಹಿಡಿದು ಕುಳಿತಿದ್ದರು.

ಹುಡುಗಿಯರು ಚೆನ್ನಾಗಿಯೇ ಬರೆಯುತ್ತಿದ್ದರು. ಮುಕ್ತಾಯದ ಭಾಗ ಬಂದಾಗ ನಾನು, "ಚೆಂಡು ಅವಳಿಗೆ ಕಾಣಲಿಲ್ಲ," ಎಂದು ಹೇಳಿದೆ. ಲೇಖನಿಗಳ ಸದ್ದಾಯಿತು. ಇನ್ನೊಮ್ಮೆ ಹೇಳಿದೆ: "ಚೆಂಡು ಅವಳಿಗೆ ಕಾಣಲಿಲ್ಲ. ಅವಳು ಅದನ್ನು ಹೇಳಿದಳು. ಯಾರೂ ಕೇಳಲಿಲ್ಲ."

ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈಯೆತ್ತಿದಳು. "ಮದ್ಮೊಸೆಲ್, ನಮ್ಮನೇಲಿ ಈ ಪತ್ರಿಕೆ ಇದೆ. ಅದ್ರಲ್ಲಿ ಬೇರೆ ಥರ ಇದೆ. ಕಂಡೂ ಬಿಟ್ಟಳು ಅಂತಿದೆ."

ಮುಖ್ಯೋಪಾಧ್ಯಾಯಿನಿ ಕನ್ನಡಕ ಏರಿಸಿ ಪ್ರತಿ ನೋಡಿ ನಕ್ಕರು. "ಹುಡುಗಿ ಹೇಳ್ತಿರೋದು ಸರಿ, ಮದ್ಮೊಸೆಲ್ ದೋಬ್ರೇ. ಬರೆದವರಿಗೇ ಮರೆತುಹೋಗಿದೆ. ತಿದ್ದಿಸಿಬಿಡಿ."

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಲೇಖನಿಗಳು ಮಸಿಕುಡಿಕೆಯ ಅಂಚಿನಲ್ಲಿ ಕಾಯುತ್ತಿದ್ದವು. ಆ ಸಾಲನ್ನು ಹೊಡೆದುಹಾಕಲು ಹೇಳಿ, ಅಚ್ಚಿನಲ್ಲಿರುವಂತೆಯೇ ಬರೆಸಿದೆ.

ಇಷ್ಟೇ ಇಲ್ಲಿನ ಸುದ್ದಿ. ಅತ್ತೆ, ಒಲೆಗೆ ಹತ್ತಿರ ಕುಳಿತು ಓದುತ್ತಿದ್ದೀರೆಂದು ಭಾವಿಸುತ್ತೇನೆ. ಉಕ್ತಲೇಖನದ ಭಾಗವನ್ನು ಅಕ್ಕನಿಗೆ ದಯವಿಟ್ಟು ಇನ್ನೊಮ್ಮೆ ನಿಧಾನವಾಗಿ ಓದಿ ಹೇಳಿ.

ಎರ್ಮಾನ್ಸ್